‘ಶ್ಯಾಡೋಶೇಪರ್’ ಎಂಬ ಕಾದಂಬರಿಯ ಗುಣದೋಷ ವಿಚಾರ

ನಮ್ಮ ಬಾಲಿಕೆಯರು ಏನನ್ನು ಓದುತ್ತಾರೆಂಬುದು ತಾಯಿತಂದೆಗಳಿಗೂ ಉಪಾಧ್ಯಾಯಿನಿಯರಿಗೂ ಸಮಾನವಾದ ಚಿಂತೆಯಾಗಿರುವುದಷ್ಟೆ. ಈಚೆಗೆ ಕೆಲವರು ಪೋಷಕರು ನಮ್ಮ ಬಳಿಗೆ ಬಂದು, ತಮ್ಮ ಮಗಳು ಶಾಲೆಯ ಪುಸ್ತಕಶಾಲೆಯಿಂದ ಮನೆಗೆ ತಂದ ಇಂಗ್ಲಿಷ್ ಕಾದಂಬರಿಯೊಂದರಲ್ಲಿ ಪ್ರೇತಗಳೂ ನಡೆದಾಡುವ ಶವಗಳೂ ತುಂಬಿಕೊಂಡಿವೆಯೆಂದೂ, ಇಂಥ ಪುಸ್ತಕವು ಕ್ರೈಸ್ತ ಶಾಲೆಯೊಂದರ ಕಪಾಟಿನಲ್ಲಿ ಇರಬಹುದೇ ಎಂದೂ ಕೇಳಿದರು. ಕೇಳಿದ್ದು ನ್ಯಾಯವೇ. ಮಗಳ ಚೀಲದಲ್ಲಿರುವ ಪುಸ್ತಕವನ್ನು ತೆರೆದು ನೋಡುವ ತಾಯಿತಂದೆಗಳು ನಮ್ಮ ಶಾಲೆಗೆ ದೊರೆತ ಭಾಗ್ಯವೆಂದೇ ಹೇಳಬೇಕು. ನಾವು ಆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಎರಡಾವರ್ತಿ ಓದಿದೆವು. ಬಾಯಿಮಾತಿನಲ್ಲಿ ಕೊಟ್ಟ ಉತ್ತರವು ನಾಲ್ಕು ಜನಕ್ಕೆ ಮಾತ್ರ ಮುಟ್ಟುವುದರಿಂದ, ನಮ್ಮ ಅಭಿಪ್ರಾಯವನ್ನು ಈ ಸ್ಮರಣ ಸಂಚಿಕೆಯಲ್ಲಿ ಎಲ್ಲರ ಮುಂದೆ ಇಡುತ್ತೇವೆ.

ಪುಸ್ತಕದ ಹೆಸರು ‘ಶ್ಯಾಡೋಶೇಪರ್’. ನೆರಳುಗಳಿಗೆ ರೂಪ ಕೊಡುವವಳು ಎಂದರ್ಥ. ಗ್ರಂಥಕರ್ತರು ಅಮೆರಿಕದ ಡ್ಯಾನಿಯೆಲ್ ಹೊಸೇ ಓಲ್ಡರ್ ಎಂಬವರು. ಇವರು ನ್ಯೂಯಾರ್ಕ್ ನಗರದಲ್ಲಿ ಸುಮಾರು ಹತ್ತು ವರ್ಷ ಆಂಬುಲೆನ್ಸ್ ಗಾಡಿಯ ಶುಶ್ರೂಷಕರಾಗಿ ದುಡಿದವರು. ಕಾದಂಬರಿಯು 2015ರಲ್ಲಿ ಹೊರಬಂತು. ಇಂಥವುಗಳನ್ನು ಇಂಗ್ಲಿಷಿನಲ್ಲಿ ಅರ್ಬನ್ ಫ್ಯಾಂಟಸಿ ಎನ್ನುತ್ತಾರೆ. ಹಿಂದಿನ ಅದ್ಭುತ ಕಥೆಗಳು ಏಳು ಸಮುದ್ರಗಳಾಚೆ, ಕೀಳು ಕಾಡುಗಳ ನಡುವೆ ನಡೆಯುತ್ತಿದ್ದವು. ಇವು ಬಸ್ಸು ನಿಲ್ಲುವ ಬೀದಿಯಲ್ಲಿ, ಬಾಡಿಗೆ ಮನೆಯ ಮಹಡಿಯಲ್ಲಿ, ಅಂಗಡಿಯ ಸಾಲಿನಲ್ಲಿ ನಡೆಯುತ್ತವೆ. 1987ರಲ್ಲಿಯೇ ಎಮಾ ಬುಲ್ ಎಂಬಾಕೆ ಮಿನಿಯಾಪೊಲಿಸ್ ಪಟ್ಟಣದ ಬೀದಿಗಳಿಗೆ ಯಕ್ಷರನ್ನು ಕರೆತಂದಿದ್ದರು. 2007ರಲ್ಲಿ ಕಸಾಂಡ್ರಾ ಕ್ಲೇರರ ‘ಸಿಟಿ ಆಫ್ ಬೋನ್ಸ್’ ಬಂದ ಮೇಲಂತೂ ಹದಿಹರೆಯದವರಿಗೆ ಈ ಬಗೆಯ ಕಥೆಗಳ ಹುಚ್ಚೇ ಹಿಡಿಯಿತು. ಕ್ಲೇರರ ಪುಸ್ತಕವನ್ನೂ ನಾವು ಓದಿ ನೋಡಿದ್ದೇವೆ. ಅದರಲ್ಲಿ ದೇವದೂತರ ರಕ್ತವುಳ್ಳ ಕೆಲವರು ಮಾತ್ರ ಶ್ರೇಷ್ಠರು. ಮಿಕ್ಕವರನ್ನು ಸಾಮಾನ್ಯರೆಂದು ಕರೆದು ಆ ಶೂರರು ಮೂಗು ಮುರಿಯುತ್ತಾರೆ. ಜಾತಿಯ ನಾಡಿನಲ್ಲಿ ಹುಟ್ಟಿದ ನಮಗೆ ಆ ಮೂಗುಮುರಿತವು ಚೆನ್ನಾಗಿ ಪರಿಚಿತವಾದದ್ದೇ. ಓಲ್ಡರರ ಪುಸ್ತಕವನ್ನು ನಾವು ಮೇಲೆಂದು ಎಣಿಸುವುದಕ್ಕೆ ಮೊದಲನೆಯ ಕಾರಣವು ಇಲ್ಲಿಯೇ ಇದೆ. ಇದರಲ್ಲಿ ಶಕ್ತಿಯುಳ್ಳವರೆಂದರೆ ಬೀದಿಯ ಮೂಲೆಯಲ್ಲಿ ಡಾಮಿನೊ ಆಡುತ್ತ ಕುಳಿತಿರುವ ಮುದುಕರು, ಗೋಡೆಗೆ ಬಣ್ಣ ಹಚ್ಚುವ ಹುಡುಗರು, ಹಾಡುಗಾರರು, ಕಥೆ ಹೇಳುವ ಅಜ್ಜಿ.

ಕಥೆಯು ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿರುವ ಬೆಡ್‌ಫರ್ಡ್-ಸ್ಟೈವೆಸಂಟ್ ಎಂಬ ಕೇರಿಯಲ್ಲಿ ನಡೆಯುತ್ತದೆ. ಕಥಾನಾಯಿಕೆ ಸಿಯೆರಾ ಸಾಂತಿಯಾಗೊ ಪ್ಯೂರ್ಟೊ ರೀಕೊ ದ್ವೀಪದ ಮೂಲದವಳು. ಆ ದ್ವೀಪವು 1898ರಲ್ಲಿ ಸ್ಪೇನಿನ ಕೈಯಿಂದ ಅಮೆರಿಕದ ಕೈಗೆ ಹೋಯಿತು. 1917ರಲ್ಲಿ ಅಲ್ಲಿಯ ಜನರು ಅಮೆರಿಕದ ಪ್ರಜೆಗಳೆನಿಸಿದರು. ಎರಡನೆಯ ಮಹಾಯುದ್ಧದ ತರುವಾಯ ಹೊಟ್ಟೆಪಾಡಿಗಾಗಿ ಅವರಲ್ಲಿ ಬಹುಜನರು ನ್ಯೂಯಾರ್ಕಿಗೆ ಬಂದು ನೆಲೆಸಿದರು. ಸಿಯೆರಾ ಬೇಸಿಗೆಯ ರಜೆಯಲ್ಲಿ ಅರ್ಧಕ್ಕೇ ನಿಂತುಹೋದ ದೊಡ್ಡ ಕಟ್ಟಡವೊಂದರ ಗೋಡೆಯ ಮೇಲೆ ಡ್ರ್ಯಾಗನ್ನಿನ ಚಿತ್ರವನ್ನು ಬರೆಯುತ್ತಿದ್ದಾಳೆ. ಸಮೀಪದ ಹಳೆಯ ಗೋಡೆಯಲ್ಲಿ ತೀರಿಹೋದ ಮುದುಕನೊಬ್ಬನ ಚಿತ್ರವಿದೆ. ಅದು ದಿನದಿನಕ್ಕೂ ಮಾಸುತ್ತಿದೆ. ಒಂದು ದಿನ ಆ ಚಿತ್ರದ ಕಣ್ಣಿನಿಂದ ನೀರು ಇಳಿಯುವುದನ್ನು ಆಕೆ ನೋಡುತ್ತಾಳೆ. ಮನೆಯಲ್ಲಿ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ಅಜ್ಜ ಲಾಸಾರೊ ಇದ್ದಕ್ಕಿದ್ದಂತೆ ಮೊಮ್ಮಗಳ ಕ್ಷಮೆಯನ್ನು ಬೇಡುತ್ತಾನೆ. ಗೋಡೆಚಿತ್ರವನ್ನು ಬೇಗನೆ ಮುಗಿಸೆಂದು ಅಂಗಲಾಚುತ್ತಾನೆ. ರಾಬಿ ಎಂಬ ಹೈಟಿ ಮೂಲದ ಹುಡುಗನಿಂದ ಆಕೆಗೆ ವಿಷಯ ತಿಳಿಯುತ್ತದೆ. ತೀರಿಹೋದವರ ಆತ್ಮಗಳಿಗೆ ಚಿತ್ರದಲ್ಲಿಯೋ ಹಾಡಿನಲ್ಲಿಯೋ ಕಥೆಯಲ್ಲಿಯೋ ರೂಪ ಕೊಡುವ ವಿದ್ಯೆಯೊಂದು ಅವಳ ಮನೆತನದಲ್ಲಿಯೇ ಇದೆ. ಅಜ್ಜನೇ ಅದರ ಹಿರಿಯನಾಗಿದ್ದ. ಈಗ ಯಾರೋ ಆ ವಿದ್ಯಾವಂತರನ್ನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತಿದ್ದಾರೆ.

ಕಥೆ ಇಷ್ಟೇ. ಅದನ್ನು ಹೇಳಿರುವ ನೆಲವು ಮಾತ್ರ ಬಲು ಗಟ್ಟಿಯಾದದ್ದು. ಕೇರಿಯಲ್ಲಿ ಹಳೆಯ ಕ್ಷೌರದಂಗಡಿಗಳು ಹೋಗಿ ದುಬಾರಿಯ ಕಾಫಿ ಅಂಗಡಿಗಳು ಬರುತ್ತಿರುವುದು, ಹುಟ್ಟಿ ಬೆಳೆದ ಬೀದಿಯಲ್ಲಿಯೇ ಸಿಯೆರಾಳನ್ನು ಹೊಸಬರು ಅನ್ಯಳನ್ನು ನೋಡುವಂತೆ ನೋಡುವುದು, ಇವನ್ನೆಲ್ಲ ಗ್ರಂಥಕರ್ತರು ಭಾಷಣ ಮಾಡದೆ ತೋರಿಸಿದ್ದಾರೆ. ಗೋಡೆಚಿತ್ರಗಳು ಮಾಸುವುದಕ್ಕೆ ಕಥೆಯಲ್ಲಿ ಮಾಂತ್ರಿಕ ಕಾರಣವಿದ್ದರೂ, ಬಾಡಿಗೆ ಏರಿ ಜನ ಚದರಿಹೋದ ಕೇರಿಯಲ್ಲಿ ಸತ್ತವರನ್ನು ನೆನೆಯುವವರು ಯಾರು ಉಳಿದಾರು ಎಂಬ ಪ್ರಶ್ನೆಯು ಓದುಗರಿಗೆ ತಾನಾಗಿಯೇ ಹೊಳೆಯುತ್ತದೆ. ಮಾತಿನ ರೀತಿಯೂ ಹಾಗೆಯೇ. ಹುಡುಗರು ಇಂಗ್ಲಿಷ್ ಆಡುತ್ತ ಆಡುತ್ತ ಸ್ಪ್ಯಾನಿಷಿಗೆ ಜಾರುತ್ತಾರೆ. ಇಂಗ್ಲಿಷ್ ಪುಸ್ತಕಗಳಲ್ಲಿ ಪರಭಾಷೆಯ ಪದಗಳನ್ನು ಓರೆಯಕ್ಷರದಲ್ಲಿ ಅಚ್ಚುಹಾಕುವ ವಾಡಿಕೆಯುಂಟು. ಓಲ್ಡರರು ಹಾಗೆ ಮಾಡಲೊಪ್ಪುವುದಿಲ್ಲ. ಮನೆಯಲ್ಲಿ ಆಡುವ ಮಾತು ಆಡುವವರಿಗೆ ಪರಭಾಷೆಯಲ್ಲವಷ್ಟೆ! ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ, ಬೀದಿಯಲ್ಲಿ ಕನ್ನಡವಾಡಿ, ಪಾಠವನ್ನು ಇಂಗ್ಲಿಷಿನಲ್ಲಿ ಒಪ್ಪಿಸುವ ನಮ್ಮ ಹುಡುಗಿಯರಿಗೆ ಈ ಪುಟಗಳು ಬಹಳ ಸಲೀಸಾಗಿ ಓದಿಸಿಕೊಂಡು ಹೋದವೆಂದು ಅವರೇ ನಮ್ಮೊಡನೆ ಹೇಳಿದರು.

ಮೈಬಣ್ಣದ ವಿಷಯವನ್ನು ತಾಯಂದಿರು ವಿಶೇಷವಾಗಿ ಗಮನಿಸಬೇಕೆಂದು ನಮ್ಮ ಬಯಕೆ. ಸಿಯೆರಾಳ ಚಿಕ್ಕಮ್ಮ ರೋಸಾ ಎಂಬವಳು ರಾಬಿಯ ಕಪ್ಪು ಬಣ್ಣವನ್ನು ಎತ್ತಿ ಆಡುತ್ತಾಳೆ. ಸೊಸಿಯೆಂಬ ಹಾಗೆ ಪ್ರೀತಿಯಿಂದಲೇ ಸಿಯೆರಾಳ ಗುಂಗುರು ಕೂದಲನ್ನು ಹೀಗಳೆಯುತ್ತಾಳೆ. ಆಕೆ ಕೆಟ್ಟವಳಲ್ಲ. ನಮ್ಮ ಎಲ್ಲರ ಮನೆಗಳಲ್ಲಿಯೂ ಇಂಥ ಚಿಕ್ಕಮ್ಮ ಒಬ್ಬಳು ಇದ್ದೇ ಇರುತ್ತಾಳೆ. ಮದುವೆಯ ಊಟಕ್ಕೆ ಕುಳಿತಲ್ಲಿ, ಹುಡುಗಿ ಕೊಂಚ ಕಪ್ಪು, ಆದರೆ ಲಕ್ಷಣವಾಗಿದ್ದಾಳೆ ಎಂದು ಆ ‘ಆದರೆ’ಯನ್ನು ಸೇರಿಸಿಯೇ ಹೇಳುತ್ತಾಳೆ. ಸಿಯೆರಾ ಒಮ್ಮೆ ತನ್ನನ್ನು ತಾನೇ ಹಾಲು ಸಾಲದ ಕಾಫಿಯ ಬಣ್ಣದವಳೆಂದು ವರ್ಣಿಸಿಕೊಂಡಿದ್ದಳು. ಏನೋ ಒಂದು ಸಾಲದು ಎಂಬ ಆ ಮಾತು ತನ್ನ ಬಾಯಲ್ಲಿ ಎಲ್ಲಿಂದ ಬಂತೆಂದು ಕನ್ನಡಿಯ ಮುಂದೆ ನಿಂತು ಆಕೆ ಯೋಚಿಸುವ ಪುಟಗಳು ಈ ಪುಸ್ತಕದಲ್ಲಿಯೇ ಅತ್ಯಂತ ಬೆಲೆಯುಳ್ಳವು. ಅಲ್ಲಿ ಯಾವ ಮಂತ್ರವೂ ಇಲ್ಲ, ಪ್ರೇತವೂ ಇಲ್ಲ. ನಮ್ಮ ದೇಶದಲ್ಲಿ ಬಹುಕಾಲ ಮಾರಾಟವಾದ ಪ್ರಸಿದ್ಧ ಮುಲಾಮೊಂದು 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಎಂಬ ಪದವನ್ನು ತೆಗೆದುಹಾಕಿತು. ವರನನ್ನು ಹುಡುಕುವವರ ಬಾಯಿಂದ ಅದು ಇನ್ನೂ ಹೋಗಿಲ್ಲ. ಬೋರ್ಡಿಂಗಿನ ಹುಡುಗಿಯರು ಬಿಸಿಲಿಗೆ ಹೆದರಿ ಆಟದ ಮೈದಾನಕ್ಕೆ ಇಳಿಯದಿರುವುದನ್ನು ಕಾಣುವ ನಮಗೆ, ಈ ಒಂದು ಪ್ರಕರಣಕ್ಕಾಗಿಯೇ ಪುಸ್ತಕವನ್ನು ಇಟ್ಟುಕೊಳ್ಳಬಹುದೆನಿಸುತ್ತದೆ.

ಇದಕ್ಕಿಂತಲೂ ಒಳಗಿನದಾದ ವಿಷಯವೊಂದುಂಟು. ಅಜ್ಜನು ಈ ವಿದ್ಯೆಯನ್ನು ಮೊಮ್ಮಗನಾದ ಹುವಾನನಿಗೆ ಬಾಲ್ಯದಲ್ಲಿಯೇ ಕೊಟ್ಟಿದ್ದನು, ಸಿಯೆರಾಳಿಗೆ ಕೊಡಲಿಲ್ಲ. ಹೆಣ್ಣಾದವಳಿಗೆ ಅದು ತಕ್ಕದ್ದಲ್ಲವೆಂಬುದು ಅವನ ಎಣಿಕೆ. ತಾಯಿಯಾದ ಮಾರಿಯಾ ಆ ಮಾತನ್ನೇ ಮನೆಯಲ್ಲಿ ಎತ್ತಗೊಡುವುದಿಲ್ಲ. ಆದುದರಿಂದ ಅಪಾಯವು ಬಾಗಿಲಿಗೆ ಬಂದಾಗ ಹುಡುಗಿಯ ಕೈಯಲ್ಲಿ ಏನೂ ಇಲ್ಲ, ತನ್ನನ್ನು ಅಟ್ಟಿಸಿಕೊಂಡು ಬರುವುದು ಏನೆಂಬ ಹೆಸರು ಸಹ ಇಲ್ಲ. ಕಥೆ ಮುಂದರಿದಂತೆ ಒಂದು ಸಂಗತಿ ಹೊರಪಡುತ್ತದೆ. ಕಥೆಯ ಅಂತ್ಯವನ್ನು ಹೇಳಿಬಿಡುವುದು ವಿಮರ್ಶಕರಿಗೆ ಒಪ್ಪುವುದಲ್ಲವಾದರೂ, ಇದನ್ನು ಹೇಳದೆ ಪುಸ್ತಕದ ಸಾರವು ತಿಳಿಯದು. ಆ ಸಮಸ್ತ ವಿದ್ಯೆಯ ಮೂಲಶಕ್ತಿ ಲೂಸೆರಾ ಎಂಬಾಕೆ. ಆಕೆ ಬೇರೆ ಯಾರೂ ಅಲ್ಲ, ಸಿಯೆರಾಳ ತೀರಿಹೋದ ಅಜ್ಜಿಯೇ. ಗಂಡಸರು ಹಿರಿತನವನ್ನು ನಡೆಸುತ್ತಿದ್ದರು, ಬೇರು ಹೆಂಗಸಿನದಾಗಿತ್ತು. ಮೊಮ್ಮಗಳು ಕೋನಿ ಐಲೆಂಡಿನ ಸಮುದ್ರತೀರದಲ್ಲಿ ಅಜ್ಜಿಯನ್ನು ಕಂಡು ತನ್ನ ಪಾಲನ್ನು ಪಡೆಯುತ್ತಾಳೆ.

ಬಾಲಿಕೆಯರನ್ನು ಕಾಪಾಡುವುದಕ್ಕಾಗಿ ನಾವು ಹಿರಿಯರು ಎಷ್ಟೋ ವಿಷಯಗಳನ್ನು ಮುಚ್ಚಿಡುತ್ತೇವೆ. ಮನೆಯ ಸಾಲ, ಅಪ್ಪನ ಕುಡಿತ, ಅಕ್ಕನು ಗಂಡನ ಮನೆಯಿಂದ ಏಕೆ ತಿರುಗಿ ಬಂದಳೆಂಬುದು, ಅಜ್ಜಿ ಯಾವ ಜಾತಿಯನ್ನು ಬಿಟ್ಟು ಸಭೆಗೆ ಸೇರಿದಳೆಂಬುದು, ಹೊಲ ಯಾರ ಹೆಸರಿನಲ್ಲಿದೆಯೆಂಬುದು, ಇವನ್ನೆಲ್ಲ ಹುಡುಗಿಯರು ಅಡುಗೆಮನೆಯ ಬಾಗಿಲ ಸಂದಿನಿಂದ ಅರ್ಧಂಬರ್ಧ ಕೇಳಿ ತಿಳಿಯುತ್ತಾರೆ. ಮಗನಿಗೆ ಹೇಳಿದ್ದನ್ನು ಮಗಳಿಗೆ ಹೇಳುವ ಪದ್ಧತಿ ನಮ್ಮಲ್ಲಿ ಇನ್ನೂ ಎಲ್ಲ ಮನೆಗಳಿಗೆ ಬಂದಿಲ್ಲ. ಇಪ್ಪತ್ತು ವರ್ಷಗಳಿಗಿಂತ ಹೆಚ್ಚಾಗಿ ಹದಿನಾಲ್ಕು ಹದಿನೈದು ವಯಸ್ಸಿನವರ ನಡುವೆ ಇದ್ದು ನಾವು ಕಂಡುಕೊಂಡದ್ದೇನೆಂದರೆ, ಹೇಳದೆ ಬಿಟ್ಟ ವಿಷಯವು ಅವರ ಮನಸ್ಸಿನಲ್ಲಿ ಸುಮ್ಮನೆ ಕೂರುವುದಿಲ್ಲ. ಈ ಕಾದಂಬರಿಯ ಪ್ರೇತಗಳು ನಮ್ಮ ಹುಡುಗಿಯರಿಗೆ ನಿಜವೆಂದು ತೋರುವುದಕ್ಕೆ ಕಾರಣವು ಅವರ ಮೂಢನಂಬಿಕೆಯಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದು ತನಗೆ ಮಾತ್ರ ಹೇಳದಿರುವುದು ಒಂದಿದೆ ಎಂಬ ಅನುಭವವು ಅವರಿಗೆ ಹೊಸದಲ್ಲದಿರುವುದೇ.

ಇನ್ನು ದೋಷಗಳಿಗೆ ಬರೋಣ. ಅವು ಕಡಿಮೆಯೇನೂ ಅಲ್ಲ.

ಮೊದಲಾಗಿ ಅವಸರ. ಕಥೆಯೆಲ್ಲವೂ ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತದೆ. ನಿನ್ನೆಯವರೆಗೆ ಏನನ್ನೂ ಅರಿಯದಿದ್ದ ಹುಡುಗಿಯು ನಾಳೆ ಆ ವಿದ್ಯೆಯಲ್ಲಿ ಮುದುಕರನ್ನು ಮೀರಿಸುತ್ತಾಳೆ. ಕೈ ಪಳಗುವುದಕ್ಕೆ ಎಷ್ಟು ಕಾಲ ಹಿಡಿಯುವುದೆಂದು ಹಾರ್ಮೋನಿಯಂ ಕಲಿತವರನ್ನಾಗಲಿ ಕಸೂತಿ ಹಾಕುವವರನ್ನಾಗಲಿ ಕೇಳಿದರೆ ತಿಳಿದೀತು. ಚಿತ್ರಕಲೆಯನ್ನೇ ಬೆನ್ನೆಲುಬಾಗಿ ಉಳ್ಳ ಪುಸ್ತಕದಲ್ಲಿ ಕೆಟ್ಟ ಗೆರೆ ಎಳೆದು ಅಳಿಸಿ ಮತ್ತೆ ಎಳೆಯುವ ದುಡಿಮೆಯು ಕಾಣದಿರುವುದು ಉಪಾಧ್ಯಾಯಿನಿಯಾದವಳಿಗೆ ಬಹಳ ಕೊರತೆಯಾಗಿ ತೋರುತ್ತದೆ. ರಾಬಿಯ ಮೇಲಿನ ಒಲವೂ ಹೀಗೆಯೇ, ಬಿತ್ತಿದ ದಿನವೇ ಕೊಯ್ಲು. ತಾಯಿಯಾದ ಮಾರಿಯಾ ಅಷ್ಟೊಂದು ವರ್ಷ ಕಲ್ಲಿನಂತೆ ಮೌನವಾಗಿದ್ದವಳು ಕೊನೆಯ ಭಾಗದಲ್ಲಿ ತಟ್ಟನೆ ಮನಸ್ಸು ತಿರುಗಿಸುತ್ತಾಳೆ. ತಾಯಿ ಮಗಳು ಎದುರುಬದುರು ಕುಳಿತು ಆಡಬೇಕಾಗಿದ್ದ ಮಾತುಗಳು ಕಾದಾಟದ ಗದ್ದಲದಲ್ಲಿ ಮುಳುಗಿಹೋಗಿವೆ. ಕೇರಿಯ ಪತ್ರಿಕೆಯನ್ನು ನಡೆಸುತ್ತಿದ್ದ ಮ್ಯಾನಿ ಎಂಬ ಒಳ್ಳೆಯ ಮುದುಕನು ಸಾಯುತ್ತಾನೆ. ಸತ್ತವರನ್ನು ಮರೆಯಬಾರದೆಂದೇ ಬರೆದ ಪುಸ್ತಕದಲ್ಲಿ ಅವನಿಗಾಗಿ ಅಳುವುದಕ್ಕೆ ಯಾರಿಗೂ ಪುರುಸೊತ್ತಿಲ್ಲದಿರುವುದು ವಿಚಿತ್ರ! ಸಿಯೆರಾಳ ಗೆಳತಿಯರ ಹಾಸ್ಯದ ಮಾತುಗಳು ಚೆನ್ನಾಗಿವೆ. ಆದರೆ ಅವರಲ್ಲಿ ಇಬ್ಬರು ಮೂವರನ್ನು ಬಿಟ್ಟರೆ ಯಾರ ಮಾತು ಯಾರದೆಂದು ಗುರುತು ಹಿಡಿಯುವುದು ಕಷ್ಟ.

ಎಲ್ಲಕ್ಕಿಂತ ದೊಡ್ಡ ದೋಷವನ್ನು ಹೇಳುವುದಕ್ಕೆ ಕಥೆಯ ಖಳನ ವಿಷಯವಾಗಿ ಸ್ವಲ್ಪ ವಿಸ್ತರಿಸಬೇಕು. ಅವನು ಡಾಕ್ಟರ್ ಜೊನಾಥನ್ ವಿಕ್, ಮಾನವಶಾಸ್ತ್ರದ ಪಂಡಿತ. ಈ ಜನರ ವಿದ್ಯೆಯನ್ನು ಅಭ್ಯಾಸಮಾಡಿ ಬರೆದುಕೊಳ್ಳುವುದಕ್ಕಾಗಿ ಲಾಸಾರೊವಿನ ಬಳಿಗೆ ಬಂದವನು. ವಿನಯವಾಗಿ ಕುಳಿತು ಕಲಿತವನು. ಸಿಯೆರಾ ಕೊಲಂಬಿಯಾ ವಿಶ್ವವಿದ್ಯಾನಿಲಯದ ಪುಸ್ತಕಾಲಯಕ್ಕೆ ಹೋಗಿ ಅವನ ಕಾಗದಪತ್ರಗಳನ್ನು ಹುಡುಕುತ್ತಾಳೆ. ಅಲ್ಲಿ ಆಕೆಗೆ ನೆರವಾಗುವವಳು ನಿಡಿಯಾ ಎಂಬ ಗ್ರಂಥಪಾಲಿಕೆ. (ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಗ್ರಂಥಪಾಲಿಕೆಯರಾಗಿರುವವರಿಗೆ ಈ ಪ್ರಕರಣವು ಸಂತೋಷವನ್ನುಂಟುಮಾಡುವುದರಲ್ಲಿ ಸಂಶಯವಿಲ್ಲ.) ಇಲ್ಲಿಯವರೆಗೆ ಓದಿದಾಗ ನಮಗೆ ಮೈ ನಿಮಿರಿತು. ಏಕೆಂದರೆ ಇದು ನಮ್ಮ ಮಿಶನ್ ಶಾಲೆಗಳಿಗೂ ಸಂಬಂಧಪಟ್ಟ ಪ್ರಶ್ನೆ. ಬಾಸೆಲ್ ಮಿಶನಿನ ಫರ್ಡಿನಂಡ್ ಕಿಟ್ಟೆಲರು 1853ರಲ್ಲಿ ಈ ದೇಶಕ್ಕೆ ಬಂದು, ಕನ್ನಡದ ಮಾತುಗಳನ್ನು ದಶಕಗಳ ಕಾಲ ಕೂಡಿಹಾಕಿ, 1894ರಲ್ಲಿ ಮಂಗಳೂರಿನಿಂದ ತಮ್ಮ ನಿಘಂಟನ್ನು ಹೊರಡಿಸಿದರು. ಅದನ್ನು ಇಂದಿಗೂ ಕನ್ನಡಿಗರು ಕೈಯಲ್ಲಿ ಹಿಡಿದು ಉಪಯೋಗಿಸುತ್ತಾರೆ. ಅದೇ ಮಿಶನಿನ ಮೆನ್ನರರು ತುಳುವಿನ ನಿಘಂಟನ್ನೂ ಪಾಡ್ದನಗಳನ್ನೂ 1886ರಲ್ಲಿ ಅಚ್ಚು ಹಾಕಿಸಿದರು. ಇನ್ನೊಂದು ಕಡೆ, ಸರಕಾರದ ಅಧಿಕಾರಿಯಾಗಿದ್ದ ಬರ್ನೆಲ್ಲರು ಸಂಗ್ರಹಿಸಿದ್ದ ತುಳುನಾಡಿನ ಭೂತಗಳ ಪಾಡ್ದನಗಳು ಅವರ ಮರಣಾನಂತರ, 1894ರಿಂದ 1897ರ ವರೆಗೆ, ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಪ್ರಕಟವಾದುವು. ಅವಕ್ಕೆ ಕೊಟ್ಟ ತಲೆಬರಹದ ಅರ್ಥ ತುಳುವರ ಪಿಶಾಚಾರಾಧನೆ ಎಂದು. ಹಾಡಿದವರು ಅದನ್ನು ಹಾಗೆ ಕರೆದಿರಲಾರರು.

ಹೊರಗಿನಿಂದ ಬಂದು ಕಲಿತು ಬರೆದಿಟ್ಟವನು ಮಿತ್ರನೋ ಕಳ್ಳನೋ? ಅವನು ಬರೆದಿಡದಿದ್ದರೆ ಎಷ್ಟೋ ಹಾಡು ಹಾಡಿದವರ ಸಂಗಡವೇ ಮಣ್ಣಾಗುತ್ತಿತ್ತು. ಬರೆದಿಟ್ಟದ್ದರಿಂದ ಅದು ಅವನ ಹೆಸರಿನದಾಯಿತು. ಒಬ್ಬನೇ ಮನುಷ್ಯನಲ್ಲಿ ಪ್ರೀತಿಯೂ ತಿರಸ್ಕಾರವೂ ಒಟ್ಟಿಗೆ ಇರಬಹುದು. ಕಲಿಸಿದವರಿಗೆ ಅವನಿಂದ ಉಪಕಾರವೂ ಅಪಕಾರವೂ ಒಟ್ಟಿಗೆ ಆಗಬಹುದು. ಮಿಶನಿನಲ್ಲಿ ಓದಿ ಮಿಶನಿನಲ್ಲಿಯೇ ಕಲಿಸುತ್ತಿರುವ ನಮಗೆ ಇದು ಪುಸ್ತಕದೊಳಗಿನ ಪ್ರಶ್ನೆ ಮಾತ್ರವಲ್ಲ. ಓಲ್ಡರರು ಈ ಪ್ರಶ್ನೆಯನ್ನು ಧೈರ್ಯವಾಗಿ ಎತ್ತಿ, ಉತ್ತರವನ್ನು ಮಾತ್ರ ಸುಲಭಮಾಡಿಕೊಂಡಿದ್ದಾರೆ. ವಿಕ್ ಅಧಿಕಾರದ ದುರಾಶೆಗೆ ಬಿದ್ದು, ಸತ್ತವರ ದೇಹಗಳಲ್ಲಿ ಆತ್ಮಗಳನ್ನು ತುರುಕಿ ಕೊಲೆ ಮಾಡಿಸುವ ರಾಕ್ಷಸನಾಗಿಬಿಡುತ್ತಾನೆ. ಕೊಲೆಗಾರನನ್ನು ದ್ವೇಷಿಸುವುದಕ್ಕೆ ಓದುಗರಿಗೆ ಯಾವ ಯೋಚನೆಯೂ ಬೇಡ. ಅವನು ಯಾರನ್ನೂ ಕೊಲ್ಲದೆ, ಬರೇ ಒಂದು ಒಳ್ಳೆಯ ಗ್ರಂಥವನ್ನು ಬರೆದು ಹೆಸರುವಾಸಿಯಾಗಿದ್ದರೆ ಸಿಯೆರಾ ಅವನಿಗೆ ಏನು ಹೇಳುತ್ತಿದ್ದಳು? ನಮ್ಮ ಹತ್ತನೆಯ ತರಗತಿಯವರಿಗೆ ಈ ಪ್ರಶ್ನೆಯನ್ನು ಕೊಟ್ಟು ಬರೆಯಿಸಿದೆವು. ಉತ್ತರಗಳು ಪುಸ್ತಕದ ಕೊನೆಯ ಅಧ್ಯಾಯಗಳಿಗಿಂತ ಉತ್ತಮವಾಗಿದ್ದುವೆಂದು ಹೇಳಿದರೆ ಅದು ಕೇವಲ ನಮ್ಮ ಪಕ್ಷಪಾತವೆಂದು ಯಾರೂ ಎಣಿಸಬಾರದು.

ಪ್ರೇತಗಳ ವಿಷಯವಾಗಿ ಪೋಷಕರು ಕೇಳಿದ್ದಕ್ಕೆ ನೇರವಾಗಿ ಉತ್ತರ ಹೇಳಬೇಕಷ್ಟೆ. ಸತ್ತವರನ್ನು ಕರೆದು ವಿಚಾರಿಸುವುದು ನಮ್ಮ ನಂಬಿಕೆಗೆ ಒಪ್ಪುವುದಲ್ಲ. ಆದರೆ ಸೌಲನು ಏಂದೋರಿನ ಸ್ತ್ರೀಯ ಬಳಿಗೆ ರಾತ್ರಿಯಲ್ಲಿ ಹೋಗಿ ಸಮುವೇಲನನ್ನು ಎಬ್ಬಿಸಿದ ಅಧ್ಯಾಯವನ್ನು ನಮ್ಮ ಹುಡುಗಿಯರು ಸತ್ಯವೇದದಲ್ಲಿಯೇ ಓದಿದ್ದಾರೆ. ಯಾವಳೂ ಅದನ್ನು ಓದಿ ಮಂತ್ರವಾದಿನಿಯಾಗಿಲ್ಲ. ‘ಯಾತ್ರಿಕನ ಸಂಚಾರ’ದಲ್ಲಿ ರೆಕ್ಕೆಯುಳ್ಳ ದೈತ್ಯನೊಡನೆ ನಡೆಯುವ ಕಾಳಗವನ್ನು ಅವರ ಅಜ್ಜಿಯರು ಬಾಯಿಪಾಠವಾಗಿ ಹೇಳುತ್ತಿದ್ದರು. ಕಥೆಯನ್ನು ಕಥೆಯೆಂದು ತಿಳಿಯುವ ಬುದ್ಧಿ ಹದಿನಾಲ್ಕು ವರ್ಷದವಳಿಗೆ ಉಂಟು. ನಮಗೆ ಕಳವಳವನ್ನುಂಟುಮಾಡಿದ್ದು ಬೇರೆ. ಶವಗಳು ಅಟ್ಟಿಬರುವ ಕೆಲವು ಪ್ರಸಂಗಗಳು ಚಿಕ್ಕವರ ನಿದ್ದೆಯನ್ನು ಕೆಡಿಸತಕ್ಕವು. ಹೆತ್ತವರಿಗೆ ಹೇಳದೆ ರಾತ್ರಿಯ ಹೊತ್ತು ನಗರವನ್ನು ಸುತ್ತುವುದನ್ನು ಗ್ರಂಥಕರ್ತರು ಸಾಹಸದ ಭಾಗವಾಗಿಯೇ ಎಣಿಸಿದ್ದಾರೆ. ಎರಡನೆಯದಕ್ಕೆ ಸಮಾಧಾನವೂ ಪುಸ್ತಕದಲ್ಲಿಯೇ ಇದೆ: ಹೆತ್ತವರು ಬಾಯಿಬಿಟ್ಟು ಹೇಳಿದ್ದರೆ ಆ ಹುಡುಗಿ ರಾತ್ರಿಯಲ್ಲಿ ಹೊರಡಬೇಕಾಗಿಯೇ ಇರಲಿಲ್ಲ.

ಆದಕಾರಣ ಪುಸ್ತಕವನ್ನು ಕಪಾಟಿನಿಂದ ತೆಗೆಯಿಸಲಿಲ್ಲ. ಒಂಬತ್ತನೆಯ ತರಗತಿ ಮೇಲ್ಪಟ್ಟವರಿಗೆ ಮಾತ್ರ ಕೊಡಬೇಕೆಂದು ಗ್ರಂಥಪಾಲಿಕೆಗೆ ತಿಳಿಸಿದ್ದೇವೆ. ಇದರ ಮುಂದಿನ ಕಥೆಯು 2017ರಲ್ಲಿಯೂ 2020ರಲ್ಲಿಯೂ ಎರಡು ಸಂಪುಟಗಳಾಗಿ ಹೊರಬಂದಿದೆ. ಅವನ್ನು ತರಿಸಿರೆಂದು ಹುಡುಗಿಯರು ಸಹಿ ಹಾಕಿದ ಅರ್ಜಿಯೊಂದು ನಮ್ಮ ಮೇಜಿನ ಮೇಲಿದೆ. ಮೊದಲು ನಾವು ಓದಿ ನೋಡಿದ ಮೇಲೆ ಎಂದು ಅದರ ಮೇಲೆ ಬರೆದಿದ್ದೇವೆ. ಮೊದಲನೆಯ ಪುಸ್ತಕವನ್ನು ತಾವೂ ಓದಬೇಕೆಂದಿರುವ ತಾಯಂದಿರು ಶನಿವಾರ ಮಧ್ಯಾಹ್ನ ಬಂದು ಒಯ್ಯಬಹುದು. ಪ್ರತಿಗಳು ಎರಡೇ ಇರುವುದರಿಂದ ಹದಿನೈದು ದಿನಗಳೊಳಗೆ ಹಿಂದಿರುಗಿಸಬೇಕಾಗಿ ಪ್ರಾರ್ಥನೆ.